ಕೊನೆಯ ದೃಶ್ಯಕ್ಕೆ ನಾಲ್ಕೂವರೆ ಸೆಕೆಂಡು ತಡವಾಗಿ ಬಂದ ಬೆಳಕು: ಒಂದು ಟೈಮ್‌ಕೋಡ್ ಪ್ರಕರಣ

(ತಂಡ, ಊರು, ಕೃತಿ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಸಂದರ್ಭ

ಜಿಲ್ಲಾ ಕೇಂದ್ರವೊಂದರ ರಂಗಮಂದಿರದಲ್ಲಿ ಒಂದು ನೃತ್ಯರೂಪಕ. ಒಂಬತ್ತು ದೃಶ್ಯ. ಅವುಗಳಲ್ಲಿ ಏಳು ದೃಶ್ಯಕ್ಕೆ ಮೊದಲೇ ಧ್ವನಿಮುದ್ರಿಸಿಟ್ಟ ಸಂಗೀತ. ನಾಲ್ಕು ಮತ್ತು ಏಳನೆಯ ದೃಶ್ಯಕ್ಕೆ ಮಾತ್ರ ವೇದಿಕೆಯ ಪಕ್ಕದಲ್ಲಿ ಕೂತವರದೇ ಹಾಡುಗಾರಿಕೆ, ನಟುವಾಂಗ, ಮೃದಂಗ. ಮುದ್ರಿತ ಭಾಗವೆಲ್ಲ ಸೇರಿ 78 ನಿಮಿಷ. ಬೆಳಕಿಗೆ 214 ಕ್ಯೂಗಳು, ಅಂದರೆ ಇಂಥ ಹೊತ್ತಿಗೆ ಬೆಳಕು ಹೀಗೆ ಬದಲಾಗಲಿ ಎಂದು ಮೊದಲೇ ಇಟ್ಟ ಸೂಚನೆಗಳು. ಹಿಂದಿನ ಎಲ್‌ಇಡಿ ಗೋಡೆಯ ಮೇಲೆ ದೃಶ್ಯಕ್ಕೊಂದರಂತೆ ವಿಡಿಯೋ.

ಸಂಗೀತ ರೀಪರ್ ಎಂಬ ಆಡಿಯೋ ತಂತ್ರಾಂಶದಿಂದ ಹೊರಡುತ್ತಿತ್ತು. ಲ್ಯಾಪ್‌ಟಾಪಿಗೆ ನಾಲ್ಕು ಔಟ್‌ಪುಟ್‌ಗಳ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್. 1 ಮತ್ತು 2ನೇ ಔಟ್‌ಪುಟ್ ಸಭಾಂಗಣದ ಮಿಕ್ಸರ್‌ಗೆ, 3ನೆಯದು 40 ಮೀಟರ್ ಕೇಬಲ್ ಮೂಲಕ ಹಿಂಬದಿಯ ಬೆಳಕಿನ ಕನ್ಸೋಲ್‌ಗೆ. ಈ 3ನೇ ತಂತಿಯಲ್ಲಿ ಹರಿಯುತ್ತಿದ್ದುದು ಎಲ್‌ಟಿಸಿ, ಅಂದರೆ ಶಬ್ದದ ರೂಪದಲ್ಲಿರುವ ಟೈಮ್‌ಕೋಡ್. ಈಗ ಎಷ್ಟನೇ ಗಂಟೆ, ನಿಮಿಷ, ಸೆಕೆಂಡು, ಫ್ರೇಮ್ (ಸೆಕೆಂಡಿನ ಒಂದು ಚಿಕ್ಕ ಪಾಲು) ಎಂದು ಯಂತ್ರಗಳಿಗೆ ಹೇಳುತ್ತಾ ಹೋಗುವ ಸಂಕೇತವೇ ಟೈಮ್‌ಕೋಡ್. ಎಲ್‌ಇಡಿ ಗೋಡೆಯ ಕಂಪ್ಯೂಟರ್ ಪಕ್ಕದ ಮೇಜಿನಲ್ಲೇ ಇತ್ತು. ಅದಕ್ಕೆ ಯುಎಸ್‌ಬಿ ಮಿಡಿ ಕೇಬಲ್‌ನಲ್ಲಿ ಎಂಟಿಸಿ, ಅಂದರೆ ಮಿಡಿ (ಸಂಗೀತದ ಯಂತ್ರಗಳು ಒಂದಕ್ಕೊಂದು ಮಾತಾಡುವ ಪದ್ಧತಿ) ಸಂದೇಶಗಳ ರೂಪದ ಟೈಮ್‌ಕೋಡ್.

ಎಲ್‌ಟಿಸಿಯನ್ನು ಸಂಗೀತ ಸಂಕಲಿಸಿದವರು 78 ನಿಮಿಷದ ಒಂದೇ ವೇವ್ ಫೈಲ್ ಮಾಡಿ, ಹಾಡುಗಳ ಜೊತೆಗೇ ಕಳಿಸಿದ್ದರು. ಎಂಟಿಸಿಯನ್ನು ಗೋಡೆ ನೋಡಿಕೊಳ್ಳುತ್ತಿದ್ದ ಹುಡುಗ ರೀಪರ್‌ನ ಒಳಗೇ ಹುಟ್ಟಿಸಿಕೊಂಡಿದ್ದ. ಒಂದೇ ಪ್ರಾಜೆಕ್ಟ್‌ನಲ್ಲಿ ಬೇರೆ ಬೇರೆ ಕೈಯಿಂದ ಬಂದ ಎರಡು ಕೋಡ್. ಮುಂದೆ ಎರಡು ದಿನ ಹಾಳಾದದ್ದು ಇದರಿಂದಲೇ, ಆದರೆ ಆಗ ಯಾರಿಗೂ ಇದು ತೊಂದರೆಯಾಗಿ ಕಾಣಲಿಲ್ಲ.

ತೊಂದರೆ

ಮೊದಲ ತಾಂತ್ರಿಕ ತಾಲೀಮಿನಲ್ಲಿ ಮೂರು ದೂರು ಬಂದವು. ಮೊದಲ ದೃಶ್ಯದ ಬೆಳಕು ಸಂಗೀತಕ್ಕೆ ಸರಿಯಾಗಿ ಹೊಂದುತ್ತದೆ, ಹೋಗ್ತಾ ಹೋಗ್ತಾ ಹಿಂದೆ ಬೀಳುತ್ತದೆ. ಕೊನೆಯ ದೃಶ್ಯದಲ್ಲಿ ತೀರ್ಮಾನ (ನೃತ್ಯಭಾಗವನ್ನು ಮುಗಿಸುವ ಹೆಜ್ಜೆಗಳ ಜೋಡಣೆ) ಮುಗಿದು ನರ್ತಕಿಯರು ಸ್ಥಿರವಾಗಿ ನಿಂತ ಮೇಲೆ ಬೆಳಕು ಕೆಂಪಾಗುತ್ತದೆ. ಎರಡನೆಯದು, ನಾಲ್ಕನೇ ದೃಶ್ಯಕ್ಕಾಗಿ ರೀಪರ್ ನಿಲ್ಲಿಸಿದರೂ ಬೆಳಕಿನ ಕನ್ಸೋಲ್ ನಿಲ್ಲದೆ ಮುಂದಿನ ಕ್ಯೂ ಹೊಡೆದುಬಿಡುತ್ತದೆ. ಮೂರನೆಯದು, ಗೋಡೆಯ ವಿಡಿಯೋ ಸಂಗೀತಕ್ಕೆ ಹೊಂದುತ್ತದೆ, ಆದರೆ ನಿಮಿಷಕ್ಕೆ ಹತ್ತಾರು ಸಲ ಗಕ್ಕೆಂದು ಎಗರುತ್ತದೆ.

"ನಿಮ್ಮ ಕೋಡೇ ಲೇಟಾಗಿ ಬರ್ತಿದೆ ಸರ್" ಎಂದರು ಬೆಳಕಿನ ವಿನ್ಯಾಸಕಿ.

"ಹಾಗಿದ್ರೆ ಗೋಡೆಗೂ ಲೇಟಾಗಬೇಕಿತ್ತಲ್ಲ ಮೇಡಂ? ಅದು ಸರಿಯಾಗೇ ಇದೆ" ಎಂದರು ಧ್ವನಿಯವರು.

ಮಾತು ನ್ಯಾಯವಾಗಿಯೇ ಇತ್ತು. ಒಂದೇ ಲ್ಯಾಪ್‌ಟಾಪಿನಿಂದ ಹೊರಟ ಕೋಡ್ ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು ಎಂದರೆ ಸಂಶಯ ಹೋಗುವುದು ತಪ್ಪು ತೋರಿಸುವ ಯಂತ್ರದ ಮೇಲೇ. ಹಾಗಾಗಿ ಮೊದಲ ಎರಡು ದಿನದ ಪ್ರಯತ್ನವೆಲ್ಲ ಬೆಳಕಿನ ಕನ್ಸೋಲ್ ಮೇಲೆ ನಡೆಯಿತು.

ಮೊದಲು ಮಾಡಿ ನೋಡಿದ್ದು

ಕನ್ಸೋಲ್‌ನಲ್ಲಿ ಎರಡು ಸೆಕೆಂಡು ಆಫ್‌ಸೆಟ್ ಕೊಟ್ಟರು, ಕ್ಯೂಗಳು ಅಷ್ಟು ಬೇಗ ಬರಲಿ ಎಂದು. ನಡುವಿನ ದೃಶ್ಯಗಳು ಸುಮಾರಾಗಿ ಹೊಂದಿದವು. ಮೊದಲ ದೃಶ್ಯದಲ್ಲಿ ಪುಷ್ಪಾಂಜಲಿ ಶುರುವಾಗುವ ಮೊದಲೇ ಬೆಳಕು ಬಂತು, ಕೊನೆಯಲ್ಲಿ ಇನ್ನೂ ಎರಡೂವರೆ ಸೆಕೆಂಡು ತಡ ಉಳಿಯಿತು.

ಆಮೇಲೆ ಕನ್ಸೋಲ್‌ನ ಟೈಮ್‌ಕೋಡ್ ವೇಗವನ್ನು 30ರಿಂದ 25ಕ್ಕೆ ಇಳಿಸಿದರು. ಕಾರಣವಿತ್ತು: ರೀಪರ್‌ನ ಪ್ರಾಜೆಕ್ಟ್ ಸೆಟ್ಟಿಂಗ್ಸ್ ತೆರೆದರೆ ಫ್ರೇಮ್ ರೇಟ್ 25 ಎಂದೇ ಇತ್ತು. ತಡ ಒಂದಿಷ್ಟೂ ಕಡಿಮೆಯಾಗಲಿಲ್ಲ. ಬದಲಾಗಿ ಕನ್ಸೋಲ್‌ನ ಪರದೆಯಲ್ಲಿ ಫ್ರೇಮ್ ಅಂಕಿ ತಡವರಿಸತೊಡಗಿತು.

ಕೋಡ್‌ನ ಫೈಲೇ ಕೆಟ್ಟಿರಬೇಕು ಎಂದು ಸಂಕಲನಕಾರರಿಗೆ ಫೋನ್ ಹೋಯಿತು. ಅವರು ಅದೇ ಕೋಡನ್ನು ಮತ್ತೆ ತೆಗೆದು, ಅವಸರದಲ್ಲಿ ಮೊಬೈಲ್‌ನ ಮೆಸೇಜಿಂಗ್ ಆ್ಯಪ್‌ನಲ್ಲಿ ಆಡಿಯೋ ಆಗಿ ಕಳಿಸಿದರು. ದಾರಿಯಲ್ಲಿ ಅದು ಕಂಪ್ರೆಸ್ ಆಯಿತು. ಎಲ್‌ಟಿಸಿಯ ಜೀವ ಇರುವುದು ಅಲೆಯ ಚೂಪಾದ ಏರಿಳಿತದಲ್ಲಿ. ಕಿವಿಗೆ ಕೇಳದ್ದನ್ನು ಸವರಿ ಹಾಕುವ ಕಂಪ್ರೆಶನ್ ಆ ಅಂಚುಗಳನ್ನೇ ಸವೆಸುತ್ತದೆ. ಈಗ ತಡವೂ ಇತ್ತು, ಜೊತೆಗೆ ನಡುನಡುವೆ ಕೋಡ್ ಕಡಿದುಹೋಗುವುದೂ ಸೇರಿಕೊಂಡಿತು. ಕಡಿಯುವುದನ್ನು ಕಂಡು 40 ಮೀಟರ್ ಕೇಬಲ್ ಬದಲಿಸಿದರು. ಅದರಿಂದಲೂ ಏನೂ ಆಗಲಿಲ್ಲ.

ಇಲ್ಲಿಯವರೆಗಿನ ಪ್ರತಿ ಹೆಜ್ಜೆಯೂ ಒಂದೊಂದು ಊಹೆ. ತಪ್ಪು ಎಷ್ಟಿದೆ ಎಂದು ಯಾರೂ ಅಳೆದಿರಲಿಲ್ಲ.

ಅಳತೆ

ಮೂರನೇ ದಿನ ಬೆಳಿಗ್ಗೆ ಕಲಾವಿದರು ಬರುವ ಮೊದಲು ಎರಡು ಗಂಟೆ ಬಿಡುವು ಸಿಕ್ಕಿತು. ಯಾವ ಸೆಟ್ಟಿಂಗನ್ನೂ ಮುಟ್ಟುವುದಿಲ್ಲ, ಬರೀ ಅಳೆಯುತ್ತೇವೆ ಎಂದು ನಿಶ್ಚಯಿಸಿದರು. ಈ ಪ್ರಕರಣ ತಿರುಗಿದ್ದು ಅಲ್ಲಿಂದ.

ಹಳೆಯ ಮೂಲ ವೇವ್ ಫೈಲನ್ನೇ ಮತ್ತೆ ಹಾಕಿಕೊಂಡರು, ಆಫ್‌ಸೆಟ್ ಸೊನ್ನೆ ಮಾಡಿದರು. ರೀಪರ್‌ನಲ್ಲಿ ಶುರುವಿಗೆ, 10, 39 ಮತ್ತು 77ನೇ ನಿಮಿಷಕ್ಕೆ ಒಂದೊಂದು ಚಿಕ್ಕ ಬೀಪ್ ಇಟ್ಟರು. ಕನ್ಸೋಲ್‌ನಲ್ಲಿ ಅದೇ ಹೊತ್ತಿಗೆ ಒಂದೊಂದು ಫ್ಲಾಶ್ ಕ್ಯೂ. ಫೇಡ್ ಸಮಯ ಸೊನ್ನೆ. ಮೊಬೈಲನ್ನು ಸೆಕೆಂಡಿಗೆ 60 ಫ್ರೇಮ್‌ಗೆ ಹಾಕಿ ಸ್ಪೀಕರ್‌ನಿಂದ ಒಂದು ಮೀಟರ್ ದೂರದಲ್ಲಿಟ್ಟು, ದೀಪವೂ ಗೋಡೆಯೂ ಕಾಣುವ ಹಾಗೆ ಚಿತ್ರಿಸಿದರು. ಮೊಬೈಲ್ ಸ್ಪೀಕರ್ ಹತ್ತಿರವೇ ಇರಬೇಕು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. 14 ಮೀಟರ್ ಹಿಂದೆ ನಿಂತು ಚಿತ್ರಿಸಿದರೆ ದೂರದಿಂದಲೇ 40 ಮಿಲಿಸೆಕೆಂಡು, ಅಂದರೆ 25ರ ಲೆಕ್ಕದಲ್ಲಿ ಪೂರ್ತಿ ಒಂದು ಫ್ರೇಮ್ ತಪ್ಪು ಬರುತ್ತದೆ. ಆಮೇಲೆ ಆ ವಿಡಿಯೋವನ್ನು ರೀಪರ್‌ಗೆ ಎಳೆದು ಬೀಪ್‌ನ ಅಲೆ ಎಲ್ಲಿ ಏಳುತ್ತದೆ, ದೀಪ ಹತ್ತಿದ ಮೊದಲ ಫ್ರೇಮ್ ಯಾವುದು ಎಂದು ನೋಡಿದರು.

ಶುರುವಿನಲ್ಲಿ ತಡ ಇಲ್ಲವೆನ್ನುವಷ್ಟು. 10ನೇ ನಿಮಿಷಕ್ಕೆ 0.6 ಸೆಕೆಂಡು. 39ಕ್ಕೆ 2.3. 77ಕ್ಕೆ 4.6.

ಅಂಕಿಗಳನ್ನು ಸಾಲಾಗಿ ಬರೆದ ಮೇಲೆ ವಾದಕ್ಕೆ ಏನೂ ಉಳಿಯಲಿಲ್ಲ. 600 ಸೆಕೆಂಡಿಗೆ 0.6, 4620 ಸೆಕೆಂಡಿಗೆ 4.6. ಸಾವಿರಕ್ಕೆ ಒಂದು, ಕರಾರುವಾಕ್ಕಾಗಿ. ಕೇಬಲ್ ಕೆಟ್ಟರೆ, ಫೈಲ್ ಹಾಳಾದರೆ ಇಷ್ಟು ಶಿಸ್ತಾದ ತಪ್ಪು ಬರುವುದಿಲ್ಲ. ಎರಡು ಯಂತ್ರದೊಳಗಿನ ಗಡಿಯಾರದ ಹರಳುಗಳ ನಡುವಿನ ವ್ಯತ್ಯಾಸವೂ ಇಷ್ಟಿರುವುದಿಲ್ಲ: ದಶಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದೆ ಎಂದುಕೊಂಡರೂ 78 ನಿಮಿಷಕ್ಕೆ ಆಗುವುದು ಕಾಲು ಸೆಕೆಂಡಿನೊಳಗೆ. ಸಾವಿರಕ್ಕೆ ಒಂದು ಎನ್ನುವುದು ಟೈಮ್‌ಕೋಡ್ ಲೋಕದಲ್ಲಿ ಒಬ್ಬರದೇ ಬೆರಳಚ್ಚು. 1953ರಲ್ಲಿ ಅಮೆರಿಕದ ಎನ್‌ಟಿಎಸ್‌ಸಿ ಟೆಲಿವಿಷನ್‌ಗೆ ಬಣ್ಣ ಸೇರಿಸುವಾಗ ಸೆಕೆಂಡಿಗೆ 30 ಇದ್ದ ಚಿತ್ರವನ್ನು 1000/1001ರಷ್ಟು ನಿಧಾನ ಮಾಡಿದರು. ಅದೇ 29.97.

ಖಾತ್ರಿ ಮಾಡಿಕೊಳ್ಳಲು ಇನ್ನೆರಡು ಪರೀಕ್ಷೆ. ಕನ್ಸೋಲ್‌ನ ಪರದೆಯಲ್ಲಿ ಒಳಬರುವ ಕೋಡ್ ದಿಟ್ಟಿಸಿದರೆ ಫ್ರೇಮ್ ಅಂಕಿ 24ಕ್ಕೆ ನಿಲ್ಲದೆ 29ರವರೆಗೆ ಹೋಗುತ್ತಿತ್ತು. ಅಂದರೆ 25 ಅಲ್ಲ, 30ರ ಮನೆಯದು. ನಿಮಿಷ ದಾಟುವಾಗ 00:00:59:29 ಆದ ಮೇಲೆ 00:01:00:00 ಬಂತು; 00:01:00:02ಕ್ಕೆ ಹಾರಿದ್ದರೆ ಡ್ರಾಪ್ ಫ್ರೇಮ್, ಅಂದರೆ ನಡುವೆ ಅಂಕಿ ಹಾರಿಸುವ ಎಣಿಕೆ ಎನ್ನಬಹುದಿತ್ತು. ಹಾಗಿದ್ದರೆ ಶುದ್ಧ 30ಯೋ, ಡ್ರಾಪ್ ಇಲ್ಲದ 29.97ಯೋ? ಅಂಕಿ ನೋಡಿ ಇದನ್ನು ಹೇಳಲಾಗದು. ರೀಪರನ್ನು ಸರಿಯಾಗಿ 10 ನಿಮಿಷದ ಗೆರೆಯಲ್ಲಿ ನಿಲ್ಲಿಸಿ ಕೋಡ್ ಓದಿದರು: 00:09:59:12. ಶುದ್ಧ 30 ಆಗಿದ್ದರೆ 00:10:00:00 ಬರಬೇಕಿತ್ತು. 600 ಸೆಕೆಂಡನ್ನು 1.001ರಿಂದ ಭಾಗಿಸಿದರೆ 599.4, ಆ 0.4 ಸೆಕೆಂಡೇ 12 ಫ್ರೇಮ್. ಲೆಕ್ಕ ಕೂಡಿತು.

ನಡೆದದ್ದು ಏನು

ಸಂಕಲನಕಾರರು ಹಳೆಯ ವಿಡಿಯೋ ಕೆಲಸದ ಟೆಂಪ್ಲೇಟ್ ತೆರೆದು ಕೆಲಸ ಮಾಡಿದ್ದರು. ಅದರಲ್ಲಿ 29.97 ಕೂತಿತ್ತು, ಕೋಡ್ ಅದೇ ವೇಗದಲ್ಲಿ ಹೊರಬಂತು. ಬೆಳಕಿನ ವಿನ್ಯಾಸಕಿಯಾದರೋ ಕ್ಯೂ ಸಮಯಗಳನ್ನು ಹಾಡು ಕೇಳುತ್ತಾ ಫೋನಿನ ಪ್ಲೇಯರ್ ತೋರಿಸಿದ ನಿಮಿಷ, ಸೆಕೆಂಡಿನಲ್ಲಿ ಬರೆದುಕೊಂಡಿದ್ದರು. ಅದು ಗಡಿಯಾರದ ಸಮಯ. ಡ್ರಾಪ್ ಇಲ್ಲದ 29.97ರ "ಒಂದು ಗಂಟೆ" ಗಡಿಯಾರದ ಒಂದು ಗಂಟೆಗಿಂತ 3.6 ಸೆಕೆಂಡು ಉದ್ದ. ಡ್ರಾಪ್ ಫ್ರೇಮ್ ಹುಟ್ಟಿದ್ದೇ ಈ ಅಂತರ ಮುಚ್ಚಲು: ಹತ್ತನೆಯ ನಿಮಿಷಗಳನ್ನು ಬಿಟ್ಟು ಉಳಿದ ಪ್ರತಿ ನಿಮಿಷದ ಶುರುವಿನಲ್ಲಿ ಎರಡು ಅಂಕಿ ಹಾರಿಸಿ, ಗಂಟೆಗೆ 108 ಅಂಕಿ ಬಿಡುತ್ತದೆ. ಇಲ್ಲಿ ಅದೂ ಇರಲಿಲ್ಲ.

ಎಲ್ಲರ ದಾರಿ ತಪ್ಪಿಸಿದ್ದು ರೀಪರ್‌ನ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿದ್ದ ಆ 25. ಅದು ರೀಪರ್‌ನ ಅಳತೆಪಟ್ಟಿಯ ಗೆರೆಗೆ, ತಾನೇ ಹುಟ್ಟಿಸುವ ಕೋಡಿಗೆ ಸಂಬಂಧಿಸಿದ್ದು. ಹೊರಗಿನಿಂದ ವೇವ್ ಫೈಲಾಗಿ ಬಂದ ಎಲ್‌ಟಿಸಿ ರೀಪರ್ ಪಾಲಿಗೆ ಮೃದಂಗದ ಟ್ರ್ಯಾಕ್‌ನಂತೆ ಬರೀ ಒಂದು ಶಬ್ದ. ಅದರೊಳಗಿನ ಸಮಯವನ್ನು ಅದು ಓದುವುದೂ ಇಲ್ಲ, ತಿದ್ದುವುದೂ ಇಲ್ಲ. ಗೋಡೆಗೆ ಹೋಗುತ್ತಿದ್ದ ಎಂಟಿಸಿ ರೀಪರ್ ಒಳಗೇ 25ರಲ್ಲಿ ಹುಟ್ಟಿದ್ದರಿಂದ ಸರಿಯಾಗಿತ್ತು. ಧ್ವನಿಯವರ ಮಾತೂ ನಿಜ, ವಿನ್ಯಾಸಕಿಯ ಮಾತೂ ನಿಜ.

30 ಮತ್ತು 25 ಅದಲುಬದಲಾದರೆ ತಡ ಬೆಳೆಯುತ್ತದೆ ಎಂಬ ನಂಬಿಕೆ ನಮ್ಮ ಕೆಲಸದವರಲ್ಲಿ ಸಾಮಾನ್ಯ. ಹಾಗೇನೂ ಇಲ್ಲ. ಕೋಡ್ ಗಂಟೆ, ನಿಮಿಷ, ಸೆಕೆಂಡು, ಫ್ರೇಮ್ ಎಂದು ಅಂಕಿಗಳನ್ನೇ ಒಯ್ಯುತ್ತದೆ. 25ರ ಕೋಡನ್ನು 30 ಎಂದು ತಿಳಿದು ಓದಿದರೂ ಸೆಕೆಂಡಿನ ಅಂಕಿ ಸೆಕೆಂಡಿಗೊಮ್ಮೆಯೇ ಬದಲಾಗುತ್ತದೆ. 27ನೇ ಫ್ರೇಮ್‌ಗೆ ಇಟ್ಟ ಕ್ಯೂ ಮುಂದಿನ ಸೆಕೆಂಡಿಗೆ ಜಾರಬಹುದು, ಅಷ್ಟೇ. ತಪ್ಪು ಒಂದು ಸೆಕೆಂಡಿನೊಳಗೆ ಕುಣಿಯುತ್ತದೆ, ಬೆಳೆಯುವುದಿಲ್ಲ. ಬೆಳೆಯುವುದು 29.97 ಮತ್ತು 30, ಇಲ್ಲವೇ 23.976 ಮತ್ತು 24 ಬೆರೆತಾಗ.

ತಪ್ಪು ಎಲ್ಲ ಕಡೆ ಒಂದೇ ಸಮವಾಗಿದ್ದರೆ ಅದು ಆಫ್‌ಸೆಟ್‌ನ ವಿಷಯ. ಹೊತ್ತಿನ ಜೊತೆ ಬೆಳೆದರೆ ವೇಗದ ವಿಷಯ. ಅಲ್ಲಿ ಆಫ್‌ಸೆಟ್ ಕೊಡುವುದೆಂದರೆ ತಪ್ಪನ್ನು ಒಂದು ದೃಶ್ಯದಿಂದ ಇನ್ನೊಂದಕ್ಕೆ ದೂಡುವುದು. ತಪ್ಪು ಎಗರಾಡಿದರೆ, ಬಂದು ಹೋದರೆ, ಸಿಗ್ನಲ್ ಕಡಿಯುತ್ತಿದೆ ಅಥವಾ ಹಿಂಬಾಲಿಸುವ ಯಂತ್ರ ಅತಿಯಾಗಿ ತಿದ್ದಿಕೊಳ್ಳುತ್ತಿದೆ. ಈ ತಂಡದಲ್ಲಿ ಎರಡನೆಯದೂ ಮೂರನೆಯದೂ ಒಟ್ಟಿಗೆ ಇದ್ದವು, ಚಿಕಿತ್ಸೆ ನಡೆದದ್ದು ಮಾತ್ರ ಮೊದಲನೆಯದಕ್ಕೆ.

ನಿರ್ಧಾರಗಳು

ಯಾರು ಮುಂದೆ, ಯಾರು ಹಿಂದೆ? ಬೆಳಕಿನ ಕನ್ಸೋಲೇ ಕೋಡ್ ಕೊಡಲಿ, ರೀಪರ್ ಅದನ್ನು ಹಿಂಬಾಲಿಸಲಿ ಎಂಬ ಸಲಹೆಯೂ ಬಂದಿತ್ತು. ಅದನ್ನು ಬಿಟ್ಟದ್ದು ಒಳ್ಳೆಯದಾಯಿತು. ಹೊರಗಿನ ಕೋಡ್ ಹಿಂಬಾಲಿಸುವ ಆಡಿಯೋ ತಂತ್ರಾಂಶ ಹಿಂದೆ ಬಿದ್ದಾಗ ಜಿಗಿಯಬೇಕು ಅಥವಾ ವೇಗ ಬದಲಿಸಬೇಕು. ಎರಡೂ ಕಿವಿಗೆ ತಟ್ಟುತ್ತವೆ. ದೀಪ ಒಂದು ಫ್ರೇಮ್ ತಡವಾದರೆ ಯಾರಿಗೂ ಗೊತ್ತಾಗುವುದಿಲ್ಲ, ತಾಳದ ನಡುವೆ ಹಾಡು ಒಂದು ಫ್ರೇಮ್ ಜಿಗಿದರೆ ನರ್ತಕಿಯ ಹೆಜ್ಜೆ ತಪ್ಪುತ್ತದೆ. ಜನ ಕೇಳುವ ಶಬ್ದ ಯಾವ ಯಂತ್ರದ ಹರಳಿನ ಮೇಲೆ ಓಡುತ್ತದೋ ಆ ಯಂತ್ರವೇ ಕೋಡ್ ಕೊಡಬೇಕು. ಆಗ ಕೋಡೂ ಸಂಗೀತವೂ ಒಂದೇ ಇಂಟರ್‌ಫೇಸ್‌ನ ಗಡಿಯಾರದಿಂದ ಸ್ಯಾಂಪಲ್ ಸ್ಯಾಂಪಲ್ ಆಗಿ (ಸ್ಯಾಂಪಲ್ ಎಂದರೆ ಡಿಜಿಟಲ್ ಶಬ್ದದ ಅತಿ ಚಿಕ್ಕ ಅಳತೆ) ಹೊರಡುತ್ತವೆ, ಅವೆರಡರ ನಡುವೆ ಅಂತರ ಹುಟ್ಟಲು ಜಾಗವೇ ಇಲ್ಲ. ಟೈಮ್‌ಕೋಡ್ ಹೇಳುವುದು ಎಲ್ಲಿದ್ದೇವೆ ಎಂದು, ಎಷ್ಟು ವೇಗದಲ್ಲಿ ಹೋಗಬೇಕು ಎಂದು ಹೇಳುವುದು ಗಡಿಯಾರ. ಎರಡನ್ನೂ ಒಂದೇ ಕಡೆ ಇಟ್ಟುಕೊಂಡರೆ ಅರ್ಧ ತಲೆನೋವು ಹೋಯಿತು.

ಯಾವ ವೇಗ? 29.97 ಹಾಗೇ ಉಳಿಸಿ, 214 ಕ್ಯೂ ಸಮಯಗಳನ್ನೂ 1.001ರಿಂದ ಭಾಗಿಸುವುದು ಒಂದು ದಾರಿ. ಮುಂದೆ ಯಾರೇ ಹೊಸ ಕ್ಯೂ ಸೇರಿಸಿದರೂ ಅದೇ ಭಾಗಾಕಾರ ನೆನಪಿಡಬೇಕು, ಮರೆಯುವುದು ಖಂಡಿತ. ಮೇಲಾಗಿ ಎಂಟಿಸಿಗೆ 24, 25, ಡ್ರಾಪ್ ಇರುವ 30, ಡ್ರಾಪ್ ಇಲ್ಲದ 30 ಎಂಬ ನಾಲ್ಕೇ ಗುರುತು ಇರುವುದು. ಡ್ರಾಪ್ ಇಲ್ಲದ 29.97 ಮತ್ತು 30ರ ವ್ಯತ್ಯಾಸ ಹೇಳಲು ಅದರಲ್ಲಿ ಜಾಗವೇ ಇಲ್ಲ. 25 ಆರಿಸಿದರು. ನಮ್ಮ ದೇಶದ ಟೆಲಿವಿಷನ್‌ನದೂ ಅದೇ ವೇಗ, ಸೆಕೆಂಡಿಗೆ 48,000 ಸ್ಯಾಂಪಲ್ ಎಂದರೆ ಸರಿಯಾಗಿ ಫ್ರೇಮ್‌ಗೆ 1920 ಬರುತ್ತದೆ, ಗಡಿಯಾರದ ಸೆಕೆಂಡೂ ಕೋಡಿನ ಸೆಕೆಂಡೂ ಒಂದೇ. ವಿನ್ಯಾಸಕಿ ಫೋನ್ ನೋಡಿ ಬರೆದ ಸಮಯಗಳೆಲ್ಲ ಹಾಗೇ ಉಳಿದವು. 25ರಿಂದ 29ರ ನಡುವಿನ ಫ್ರೇಮ್ ಇದ್ದ 11 ಕ್ಯೂ ಮಾತ್ರ ಕೈಯಾರೆ ತಿದ್ದಲೇಬೇಕಾಯಿತು. ಜೊತೆಗೆ, ಅರ್ಧ ಸೆಕೆಂಡು ಎಂದು 15 ಹಾಕಿದ್ದ ಕಡೆ 12 ಹಾಕಿದರು.

ಇನ್ನು ನೇರ ಸಂಗೀತದ ಎರಡು ದೃಶ್ಯ. ಅಲ್ಲಿ ನಟುವಾಂಗದವರು ಒಂದು ದಿನ ಆರು ನಿಮಿಷ ತೆಗೆದುಕೊಳ್ಳುತ್ತಾರೆ, ಇನ್ನೊಂದು ದಿನ ಎಂಟು. ಉದ್ದಕ್ಕೆ ಹರಿಯುವ ಒಂದೇ ಕೋಡ್‌ಗೆ ಇದು ಒಗ್ಗುವುದಿಲ್ಲ. ಹಾಗಾಗಿ ಪ್ರತಿ ದೃಶ್ಯಕ್ಕೂ ಒಂದೊಂದು ಗಂಟೆ ಕೊಟ್ಟರು: ಮೊದಲ ದೃಶ್ಯ 01:00:00:00ರಿಂದ, ಎರಡನೆಯದು 02:00:00:00ರಿಂದ, ಹೀಗೆ. ನೇರ ಸಂಗೀತದ 04 ಮತ್ತು 07 ಖಾಲಿ. ಅಲ್ಲಿ ಬೆಳಕು ಕೈಯಿಂದ. ಇದರ ದೊಡ್ಡ ಅನುಕೂಲ ತಾಲೀಮಿನಲ್ಲಿ ಕಾಣುತ್ತದೆ. ಪರದೆಯಲ್ಲಿ 06 ಕಂಡರೆ ಆರನೇ ದೃಶ್ಯ, ಯಾರನ್ನೂ ಕೇಳಬೇಕಿಲ್ಲ. ಮೂರನೇ ದೃಶ್ಯದ ಹಾಡಿನಿಂದ ಒಂದು ಆವರ್ತ ಕತ್ತರಿಸಿದರೆ ಮೂರನೆಯದರ ಕ್ಯೂ ಮಾತ್ರ ಸರಿಯುತ್ತವೆ, ಮುಂದಿನ ಆರು ದೃಶ್ಯ ಅಲುಗುವುದಿಲ್ಲ. ಕನ್ಸೋಲ್‌ನಲ್ಲಿ ದೃಶ್ಯಕ್ಕೊಂದು ಪಟ್ಟಿ ಮಾಡಿ, ಪಟ್ಟಿಗೊಂದು ಆಫ್‌ಸೆಟ್ ಕೊಟ್ಟರು. 214 ಸಮಯದ ಬದಲು ಏಳು ಅಂಕಿ ಬರೆದರೆ ಸಾಕಾಯಿತು.

ರೀಪರ್‌ನ ಜೋಡಣೆ, ಹೆಜ್ಜೆ ಹೆಜ್ಜೆಯಾಗಿ

ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಸ್ಯಾಂಪಲ್ ರೇಟ್ 48000, ಫ್ರೇಮ್ ರೇಟ್ 25. ಅಳತೆಪಟ್ಟಿಯ ಮೇಲೆ ಬಲಗುಂಡಿ ಒತ್ತಿ ಗಂಟೆ:ನಿಮಿಷ:ಸೆಕೆಂಡು:ಫ್ರೇಮ್ ತೋರಿಸುವ ಹಾಗೆ ಮಾಡಿದರು.

ಹಳೆಯ ಎಲ್‌ಟಿಸಿ ವೇವ್ ಫೈಲ್ ತೆಗೆದು ಹಾಕಿದರು. ಹೊಸ ಟ್ರ್ಯಾಕ್ ಮಾಡಿ, ಮೊದಲ ದೃಶ್ಯದ ಉದ್ದಕ್ಕೆ ಸಮಯ ಆಯ್ದು, ಇನ್ಸರ್ಟ್ ಮೆನುವಿನಿಂದ ಎಸ್‌ಎಂಪಿಟಿಇ ಟೈಮ್‌ಕೋಡ್ ಜನರೇಟರ್ ಹಾಕಿದರು. ಆ ತುಣುಕಿನ ಪ್ರಾಪರ್ಟೀಸ್‌ನಲ್ಲಿ ವೇಗ 25, ಆರಂಭ 00:59:55:00. ತುಣುಕು ಹಾಡಿಗಿಂತ ಐದು ಸೆಕೆಂಡು ಮುಂಚೆ ಶುರು; ಹಾಡಿನ ಮೊದಲ ಸ್ವರ 01:00:00:00ಕ್ಕೆ ಬರುವಂತೆ. ಕೋಡ್ ಕೇಳುವ ಯಂತ್ರ ಅದನ್ನು ಹಿಡಿದುಕೊಳ್ಳಲು ಕೆಲವು ಫ್ರೇಮ್ ಬೇಕು, ಅದಕ್ಕೆ ಈ ಮುಂಗಡ. ಏಳು ದೃಶ್ಯಕ್ಕೆ ಏಳು ತುಣುಕು.

ನೇರ ಸಂಗೀತ ಮುಗಿದ ಕೂಡಲೇ ಶುರುವಾಗುವ ಐದು ಮತ್ತು ಎಂಟನೇ ದೃಶ್ಯಕ್ಕೆ ಐದು ಸೆಕೆಂಡಿನ ಮೌನ ಒಪ್ಪುವುದಿಲ್ಲ. ಅಲ್ಲಿ ಮುಂಗಡವನ್ನು ಒಂದು ಸೆಕೆಂಡಿಗೆ ಇಳಿಸಿದರು: 04:59:59:00 ಮತ್ತು 07:59:59:00. ಹತ್ತು ಸಲ ನಿಲ್ಲಿಸಿ ಓಡಿಸಿ ನೋಡಿದಾಗ ಎರಡೂ ಯಂತ್ರ ಪ್ರತಿ ಸಲವೂ ಅರ್ಧ ಸೆಕೆಂಡಿನೊಳಗೆ ಹಿಡಿದವು. ಉಳಿದ ಆ ಒಂದು ಸೆಕೆಂಡನ್ನು ಶ್ರುತಿ ತುಂಬಿತು. ತಂಬೂರಿ ನಾದ ಬೇರೆ ಪೆಟ್ಟಿಗೆಯಿಂದ ಉದ್ದಕ್ಕೂ ನುಡಿಯುತ್ತಲೇ ಇತ್ತು, ಅದನ್ನು ಇಳಿಸದೆ ಬಿಟ್ಟರು. ಸಭೆಗೆ ಅದು ಉಸಿರು ತೆಗೆದುಕೊಳ್ಳುವ ಬಿಡುವಿನಂತೆ ಕೇಳಿಸಿತು.

ಕೋಡ್ ಟ್ರ್ಯಾಕ್‌ನ ರೂಟ್ ಗುಂಡಿ ಒತ್ತಿ, ಮಾಸ್ಟರ್‌ಗೆ ಹೋಗುವ ಗುರುತು ತೆಗೆದು, ಹಾರ್ಡ್‌ವೇರ್ ಔಟ್‌ಪುಟ್ 3ನ್ನು ಮೋನೋ ಆಗಿ ಸೇರಿಸಿದರು. ಇದನ್ನು ಮರೆತರೆ ಕೋಡ್ ಸಭಾಂಗಣದ ಸ್ಪೀಕರ್‌ನಲ್ಲಿ ಕಿರ್ರೆನ್ನುತ್ತದೆ. ಎಲ್‌ಟಿಸಿ ಫ್ರೇಮ್‌ಗೆ 80 ಬಿಟ್. 25ರಲ್ಲಿ ಸೆಕೆಂಡಿಗೆ 2000 ಬಿಟ್. ಹಾಗಾಗಿ ಅದರ ಶಬ್ದ 1000ದಿಂದ 2000 ಹರ್ಟ್ಸ್ ನಡುವೆ, ಮನುಷ್ಯನ ಕಿವಿ ಬಹಳ ಚುರುಕಾಗಿರುವ ಜಾಗದಲ್ಲೇ ಕೂರುತ್ತದೆ. ಪಕ್ಕದ ತಂತಿಗೆ ಸೋರದಿರಲಿ ಎಂದು ಮಟ್ಟವನ್ನು ಮೈನಸ್ 12 ಡೆಸಿಬೆಲ್ ಸುಮಾರಿಗೆ ಇಳಿಸಿದರು, ಲೈನ್‌ಗೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿದರು. ಈ ಟ್ರ್ಯಾಕ್ ಮೇಲೆ ಇಕ್ಯೂ, ಕಂಪ್ರೆಸರ್, ಫೇಡ್ ಯಾವುದೂ ಇರಬಾರದು.

ಎಂಟಿಸಿಗೆ ಇನ್ನೊಂದು ಟ್ರ್ಯಾಕ್, ಅದೇ ಆರಂಭ ಸಮಯದ ಏಳು ತುಣುಕು; ಪ್ರಾಪರ್ಟೀಸ್‌ನಲ್ಲಿ ಆಡಿಯೋ ಬದಲು ಮಿಡಿ ಕಳಿಸುವ ಆಯ್ಕೆ, ರೂಟ್‌ನಲ್ಲಿ ಮಿಡಿ ಹಾರ್ಡ್‌ವೇರ್ ಔಟ್‌ಪುಟ್. ಎರಡೂ ಕೋಡ್ ಈಗ ಒಂದೇ ಕೈಯವು.

ದೃಶ್ಯದ ಕೊನೆಯಲ್ಲಿ ತಾನಾಗಿ ನಿಲ್ಲಲು ಎಸ್‌ಡಬ್ಲ್ಯುಎಸ್ ವಿಸ್ತರಣೆ ಹಾಕಿ, ಅದರ ಮಾರ್ಕರ್ ಆ್ಯಕ್ಷನ್ ಚಾಲೂ ಮಾಡಿ, !1016 ಎಂಬ ಹೆಸರಿನ ಮಾರ್ಕರ್ ಇಟ್ಟರು. ರಿಪೀಟ್ ಗುಂಡಿ ಆರಿಸಿದರು. ಪ್ಲೇಬ್ಯಾಕ್ ರೇಟ್ 1.0 ಇದೆಯೇ ಎಂದು ನೋಡಿದರು.

ಸೋಲೋ ಗುಂಡಿಯ ಪಾಠ ಮಾತ್ರ ತಾಲೀಮಿನ ನಡುವೆಯೇ ಬಂತು. ಎರಡನೇ ದೃಶ್ಯದಲ್ಲಿ ವೀಣೆ ಸರಿಯಾಗಿ ಕೇಳುತ್ತಿಲ್ಲವೆಂದು ಧ್ವನಿಯವರು ಆ ಟ್ರ್ಯಾಕನ್ನು ಸೋಲೋ ಮಾಡಿದರು. ಅದೇ ಕ್ಷಣ ಬೆಳಕು ಹೆಪ್ಪುಗಟ್ಟಿತು. ಸೋಲೋ ಎಂದರೆ ಉಳಿದ ಟ್ರ್ಯಾಕ್‌ಗಳೆಲ್ಲ ಮೂಕ, ಕೋಡ್ ಟ್ರ್ಯಾಕೂ ಸೇರಿ. ಕೋಡ್ ಟ್ರ್ಯಾಕ್‌ಗಳ ಸೋಲೋ ಗುಂಡಿಯ ಮೇಲೆ ಬಲಗುಂಡಿ ಒತ್ತಿ ಸೋಲೋ ಡಿಫೀಟ್ ಹಾಕಿದ ಮೇಲೆ ಆ ತೊಂದರೆ ಮುಗಿಯಿತು.

ಕೇಳುವ ಯಂತ್ರಗಳ ಕಡೆ

ರೀಪರ್ ನಿಂತರೂ ಬೆಳಕು ಮುಂದೆ ಹೋಗುತ್ತಿದ್ದುದು ಫ್ರೀವೀಲ್‌ನಿಂದ. ಪೆಡಲ್ ನಿಲ್ಲಿಸಿದರೂ ಸೈಕಲ್ ಉರುಳುವ ಹಾಗೆ, ಕೋಡ್ ಕಡಿದರೂ ಕನ್ಸೋಲ್ ತನ್ನದೇ ಲೆಕ್ಕದಲ್ಲಿ ಸ್ವಲ್ಪ ಹೊತ್ತು ಮುಂದುವರಿಯುತ್ತದೆ. ಸಿಗ್ನಲ್ ಕ್ಷಣ ಹೊತ್ತು ಮಾಯವಾದರೆ ಕಾಪಾಡುವ ಗುಣ ಇದು, ಆದರೆ ಇಲ್ಲಿ 10 ಸೆಕೆಂಡಿಗೆ ಇಟ್ಟಿತ್ತು. ಪೂರ್ತಿ ಸೊನ್ನೆ ಮಾಡಿದರೆ ಒಂದು ಫ್ರೇಮ್ ಕಳೆದರೂ ಬೆಳಕು ನಿಲ್ಲುತ್ತದೆ. 12 ಫ್ರೇಮ್‌ಗೆ, ಅಂದರೆ ಅರ್ಧ ಸೆಕೆಂಡಿಗೆ ಸ್ವಲ್ಪ ಕಡಿಮೆಗೆ ಇಟ್ಟರು. ಜೊತೆಗೆ, ದೃಶ್ಯ ನಿಲ್ಲುವ ಗೆರೆಯ ಆಚೆ ಎರಡು ಸೆಕೆಂಡಿನೊಳಗೆ ಯಾವ ಕ್ಯೂವನ್ನೂ ಇಡಬಾರದು ಎಂದು ನಿಯಮ ಮಾಡಿಕೊಂಡರು.

ಗೋಡೆಯ ಎಗರಾಟಕ್ಕೆ ಎರಡು ಕಾರಣ ಸೇರಿದ್ದವು. ಎಂಟಿಸಿ ಪೂರ್ತಿ ಸಮಯವನ್ನು ಒಂದೇ ಸಂದೇಶದಲ್ಲಿ ಹೇಳುವುದಿಲ್ಲ. ಎಂಟು ತುಂಡು ಮಾಡಿ, ಫ್ರೇಮ್‌ಗೆ ನಾಲ್ಕರಂತೆ ಕಳಿಸುತ್ತದೆ. ಅಂದರೆ ಪೂರ್ತಿ ಸಮಯ ತಿಳಿಯುವುದು ಎರಡು ಫ್ರೇಮ್‌ಗೊಮ್ಮೆ, 80 ಮಿಲಿಸೆಕೆಂಡಿಗೊಮ್ಮೆ. ಯುಎಸ್‌ಬಿಯಲ್ಲಿ ಸಂದೇಶಗಳು ಕೊಂಚ ಹಿಂದೆಮುಂದೆಯೂ ಆಗುತ್ತವೆ. ಗೋಡೆಯ ತಂತ್ರಾಂಶದಲ್ಲಿ ಒಂದು ಫ್ರೇಮ್ ವ್ಯತ್ಯಾಸವಾದರೂ ಜಿಗಿದು ಸರಿಮಾಡಿಕೋ ಎಂದು ಇಟ್ಟಿತ್ತು. ಬಿಗಿಯಾಗಿದ್ದಷ್ಟೂ ಒಳ್ಳೆಯದು ಎಂದು ಆ ಹುಡುಗ ಭಾವಿಸಿದ್ದ. ಕೋಡ್‌ನ ಸ್ವಂತ ಅಲುಗಾಟಕ್ಕಿಂತ ಬಿಗಿಯಾದ ಮಿತಿ ಇಟ್ಟರೆ ಯಂತ್ರ ಇಲ್ಲದ ತಪ್ಪನ್ನು ತಿದ್ದುತ್ತಲೇ ಇರುತ್ತದೆ. ಮಿತಿಯನ್ನು ನಾಲ್ಕು ಫ್ರೇಮ್ ಮಾಡಿದರು.

ಎರಡನೇ ಕಾರಣ ವಿಡಿಯೋ ಫೈಲ್. ಸಾಮಾನ್ಯ ಎಚ್.264 ಫೈಲ್‌ನಲ್ಲಿ ಪೂರ್ತಿ ಚಿತ್ರ ಆಗೊಮ್ಮೆ ಈಗೊಮ್ಮೆ ಇರುತ್ತದೆ, ನಡುವಿನವು ಬರೀ ವ್ಯತ್ಯಾಸ. ನಡುವಿಗೆ ಜಿಗಿ ಎಂದರೆ ಹಿಂದಿನ ಪೂರ್ತಿ ಚಿತ್ರದಿಂದ ಬಿಡಿಸಿಕೊಂಡು ಬರಬೇಕು. ಆ ಹೊತ್ತಿಗೆ ಕೋಡ್ ಇನ್ನೂ ಮುಂದೆ ಹೋಗಿರುತ್ತದೆ, ಮತ್ತೆ ಜಿಗಿತ. ಪ್ರತಿ ಫ್ರೇಮೂ ಸ್ವತಂತ್ರವಾಗಿರುವ ಪ್ರೋರೆಸ್‌ಗೆ, 25 ಫ್ರೇಮ್‌ನಲ್ಲಿ ಬದಲಿಸಿದರು. ಫೈಲ್ ಗಾತ್ರ ಹಲವು ಪಟ್ಟು ಬೆಳೆಯಿತು, ಎಗರಾಟ ಹೋಯಿತು.

ಫಲ

ಅದೇ ಮೊಬೈಲ್, ಅದೇ ಬೀಪ್, ಅದೇ ಜಾಗ. ಈ ಸಲ ಪ್ರತಿ ದೃಶ್ಯದ ಶುರು ಮತ್ತು ಕೊನೆಯಲ್ಲಿ ಅಳೆದರು. ಬೆಳಕು ಎಲ್ಲ ಕಡೆ ಎರಡು ಫ್ರೇಮ್‌ನೊಳಗೆ. ಗೋಡೆ ಎಲ್ಲ ಕಡೆ ಮೂರು ಫ್ರೇಮ್ ತಡ, ಶುರುವಿನಲ್ಲೂ ಮೂರು, ಕೊನೆಯಲ್ಲೂ ಮೂರು. ಇದು ಗೋಡೆಯ ಪ್ರೊಸೆಸರ್ ಚಿತ್ರ ತಯಾರಿಸಲು ತೆಗೆದುಕೊಳ್ಳುವ ಹೊತ್ತು. ಸಮನಾದ ತಪ್ಪು, ಹಾಗಾಗಿ ಇಲ್ಲಿ ಆಫ್‌ಸೆಟ್‌ನದೇ ಕೆಲಸ: ಗೋಡೆಯ ತಂತ್ರಾಂಶ ಮೂರು ಫ್ರೇಮ್ ಮುಂದೆ ಓಡುವ ಹಾಗೆ ಮಾಡಿದರು. ಎರಡು ದಿನ ತಪ್ಪು ಕಡೆ ತಿರುಗಿಸಿದ ಗುಂಡಿಯೇ ಕೊನೆಗೆ ಸರಿಯಾದ ಜಾಗದಲ್ಲಿ ಉಪಯೋಗಕ್ಕೆ ಬಂತು.

ವಿನ್ಯಾಸಕಿ ಇನ್ನೊಂದು ಎಚ್ಚರಿಕೆ ವಹಿಸಿದ್ದರು. ಎಲ್ಲ ಕ್ಯೂಗಳನ್ನೂ ಕ್ರಮವಾಗಿಯೇ ಇಟ್ಟು, ಒಂದು ಗುಂಡಿ ಒತ್ತಿದರೆ ಟೈಮ್‌ಕೋಡ್ ಬಿಟ್ಟು ಕೈಯಿಂದ ನಡೆಸುವಂತೆ ಮಾಡಿಕೊಂಡಿದ್ದರು. ಮೊದಲ ಪ್ರದರ್ಶನದಲ್ಲಿ ಅದರ ಅಗತ್ಯ ಬೀಳಲಿಲ್ಲ. ಎರಡನೇ ಊರಿನಲ್ಲಿ ಬಿತ್ತು.

ಅಲ್ಲಿ ಧ್ವನಿಯ ಮೇಜಿನಿಂದ ಬೆಳಕಿನ ಕೋಣೆಗೆ ಬೇರೆ ತಂತಿ ಎಳೆಯಲು ದಾರಿ ಇರಲಿಲ್ಲ. ಎಲ್‌ಟಿಸಿಯನ್ನು ಸಭಾಂಗಣದ ಡಿಜಿಟಲ್ ಮಿಕ್ಸರ್‌ನ ಒಂದು ಚಾನೆಲ್‌ಗೆ ಕೊಟ್ಟು, ಅಲ್ಲಿಂದ ಒಂದು ಔಟ್‌ಪುಟ್ ಮೂಲಕ ಕಳಿಸಿದರು. ಮೊದಲ ಮೂರು ದೃಶ್ಯ ಚೆನ್ನಾಗಿ ನಡೆದವು. ನಾಲ್ಕನೆಯದು ನೇರ ಸಂಗೀತ. ಐದನೆಯದಕ್ಕೆ ಪ್ಲೇ ಒತ್ತಿದರೆ ಹಾಡು ಬಂತು, ಗೋಡೆ ಬಂತು, ಬೆಳಕು ಬರಲಿಲ್ಲ. ವಿನ್ಯಾಸಕಿ ಕೂಡಲೇ ಕೈಯಿಂದ ನಡೆಸಿದರು, ಸಭೆಗೆ ಏನೂ ತಿಳಿಯಲಿಲ್ಲ.

ಪ್ರದರ್ಶನ ಮುಗಿದ ಮೇಲೆ ಹುಡುಕಿದರು. ರೀಪರ್‌ನಲ್ಲಿ 3ನೇ ಔಟ್‌ಪುಟ್‌ನ ಮೀಟರ್ ಕುಣಿಯುತ್ತಿತ್ತು. ಮಿಕ್ಸರ್‌ನ ಚಾನೆಲ್ ಮೀಟರೂ ಕುಣಿಯುತ್ತಿತ್ತು. ಔಟ್‌ಪುಟ್ ಮೀಟರ್ ಸತ್ತಿತ್ತು. ನೇರ ಸಂಗೀತ ಮುಗಿದೊಡನೆ ಹಾಡುವವರ ಮೈಕ್‌ಗಳನ್ನೆಲ್ಲ ಒಂದೇ ಗುಂಡಿಯಲ್ಲಿ ಮುಚ್ಚಲು ಮ್ಯೂಟ್ ಗ್ರೂಪ್ ಮಾಡಿದ್ದರು. ಕೋಡ್ ಬಂದಿದ್ದ ಚಾನೆಲ್ ಆ ಮಂದಿರದಲ್ಲಿ ಮೊದಲಿನಿಂದ ಐದನೇ ಮೈಕ್‌ನದು, ಅದೇ ಗುಂಪಿನಲ್ಲಿ ಕೂತಿತ್ತು. ಅದೇ ಚಾನೆಲ್‌ನಲ್ಲಿ ಹಿಂದಿನ ಕಾರ್ಯಕ್ರಮದ ಗೇಟ್ ಮತ್ತು ಲೋ ಕಟ್ ಕೂಡ ಉಳಿದಿದ್ದವು. ಅದೃಷ್ಟಕ್ಕೆ ಅವು ಕೋಡನ್ನು ಕೆಡಿಸಿರಲಿಲ್ಲ.

ಚಾನೆಲನ್ನು ಗುಂಪಿನಿಂದ ತೆಗೆದರು, ಗೇಟ್, ಇಕ್ಯೂ, ಕಂಪ್ರೆಸರ್ ಎಲ್ಲ ಆರಿಸಿದರು, ಮುಖ್ಯ ಸ್ಪೀಕರ್‌ಗಳಿಗೆ ಹೋಗುವ ದಾರಿ ಮುಚ್ಚಿದರು. ಆ ಫೇಡರ್ ಮೇಲೆ ಬಿಳಿ ಟೇಪ್ ಅಂಟಿಸಿ ಮಾರ್ಕರ್‌ನಲ್ಲಿ ಬರೆದರು: "ಬೆಳಕಿನ ಕೋಡ್, 25. ಮುಟ್ಟಬೇಡಿ."